ಬರ್ಲಿನ್, ಬೆಳಗಿನ ಜಾವ ಐದು ಗಂಟೆ

ಒಂದು ಹಾಳೆ, ಅದರ ಮೇಲೆ ಕಪ್ಪು ಮಸಿಯ ಗೆರೆಗಳು. ಬಣ್ಣ ಇಲ್ಲ, ನೆರಳು ಇಲ್ಲ. ಮೇಲುಗಡೆ ಒಂದು ಕಿರಿದಾದ ಪಟ್ಟಿ: ಕಾರ್ಖಾನೆಯ ಚಿಮಣಿಗಳು, ಹೆಗಲ ಮೇಲೆ ಸಲಕರಣೆ ಹೊತ್ತು ಕೆಲಸಕ್ಕೆ ನಡೆದುಹೋಗುತ್ತಿರುವ ಕಾರ್ಮಿಕರು. ಅದರ ಕೆಳಗೆ, ಹಾಳೆಯ ಹೆಚ್ಚಿನ ಜಾಗವನ್ನು ತಿಂದುಕೊಂಡು, ಒಂದು ಕೋಣೆ: ಬಾಟಲಿಗಳು, ಅರೆಬೆತ್ತಲೆ ಹೆಂಗಸರು, ಕತ್ತು ಕಾಣದಷ್ಟು ಕೊಬ್ಬಿದ ಗಂಡಸರು. ಒಬ್ಬ ವಾಂತಿ ಮಾಡಿಕೊಳ್ಳುತ್ತಿದ್ದಾನೆ. ಚಿತ್ರದ ಹೆಸರು 'ಬೆಳಗ್ಗೆ ಐದು ಗಂಟೆಗೆ!'. ಬಿಡಿಸಿದವನು ಜಾರ್ಜ್ ಗ್ರೋಸ್. ಪ್ರಕಟವಾದದ್ದು 1921ರಲ್ಲಿ, ಬರ್ಲಿನ್‌ನಲ್ಲಿ.

ನಮ್ಮ ಹಾಸ್ಟೆಲ್‌ನಲ್ಲೂ ಐದು ಗಂಟೆಗೆ ಎರಡು ಥರದವರು ಎಚ್ಚರ ಇರ್ತಾರೆ ಅಲ್ವಾ? ಆಗ ತಾನೇ ಎದ್ದವರು, ಇನ್ನೂ ಮಲಗದೇ ಇರೋವರು. ಗ್ರೋಸ್ ಮಾಡಿದ ತಮಾಷೆಯೂ ಮೊದಲ ನೋಟಕ್ಕೆ ಅಷ್ಟೇ. ಆದರೆ ಸ್ವಲ್ಪ ಹೊತ್ತು ನೋಡ್ತಾ ಇದ್ದರೆ ಬೇರೆ ಪ್ರಶ್ನೆ ಏಳುತ್ತದೆ. ಕೆಳಗಿನ ಕೋಣೆಯ ಬಿಲ್ಲು ಯಾರು ಕಟ್ಟುತ್ತಿದ್ದಾರೆ? ಉತ್ತರ ಮೇಲಿನ ಪಟ್ಟಿಯಲ್ಲಿ ನಡೆದುಕೊಂಡು ಹೋಗುತ್ತಿದೆ.

ಫಸ್ಟ್ ಇಯರ್‌ನಲ್ಲಿ ನಾವು ಸೆಕ್ಷನಲ್ ವ್ಯೂ ಬಿಡಿಸಿದ್ದು ನೆನಪಿರಬೇಕು. ಹೊರಗಿನಿಂದ ನೋಡಿದರೆ ವಸ್ತುವಿನ ಒಳಗಿನ ತೂತು, ಮೆಟ್ಟಿಲು ಏನೂ ಕಾಣೋದಿಲ್ಲ. ಅದಕ್ಕೆ ಒಂದು ತಲ ಹಿಡಿದು ಕತ್ತರಿಸಿದಂತೆ ಊಹಿಸಿಕೊಂಡು ಬಿಡಿಸುತ್ತೇವೆ. ಗ್ರೋಸ್ ಮಾಡಿದ್ದೂ ಅದೇ ಕೆಲಸ, ಇಡೀ ಒಂದು ನಗರಕ್ಕೆ. ಯುದ್ಧ ಮುಗಿದ ಕೈಗಾರಿಕಾ ಬರ್ಲಿನ್ನನ್ನು ಆತ ಸೀಳಿ ತೋರಿಸಿದ. ಆ ಸೀಳುನೋಟ ಹೇಗೆ ಕೆಲಸ ಮಾಡುತ್ತದೆ, ಎಂಜಿನಿಯರಿಂಗ್ ಓದುವ ನಮಗೂ ಅದಕ್ಕೂ ಏನು ಸಂಬಂಧ ಅನ್ನೋದನ್ನ ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಹೆಸರು ಬದಲಿಸಿಕೊಂಡ ಸೈನಿಕ

ಗ್ರೋಸ್ ಹುಟ್ಟಿದ್ದು 1893ರಲ್ಲಿ, ಬರ್ಲಿನ್‌ನಲ್ಲೇ. ಹುಟ್ಟು ಹೆಸರು ಗೆಯೋರ್ಗ್. ಡ್ರೆಸ್ಡೆನ್ ಮತ್ತು ಬರ್ಲಿನ್‌ನಲ್ಲಿ ಚಿತ್ರಕಲೆ ಕಲಿತ. 1914ರ ನವೆಂಬರ್‌ನಲ್ಲಿ ಸೈನ್ಯ ಸೇರಿದ, ಕಾಯಿಲೆ ಬಿದ್ದು ಮರುವರ್ಷ ಮನೆಗೆ ಬಂದ. 1917ರ ಜನವರಿಯಲ್ಲಿ ಮತ್ತೆ ಕರೆ ಬಂತು. ಈ ಸಲ ಮನಸ್ಸೇ ಮುರಿದುಬಿತ್ತು. ಆಸ್ಪತ್ರೆಗೆ ಸೇರಿಸಿ, ಕೊನೆಗೆ ಯುದ್ಧಕ್ಕೆ ಯೋಗ್ಯನಲ್ಲ ಎಂದು ಬಿಡುಗಡೆ ಮಾಡಿದರು.

ಈ ನಡುವೆ ಒಂದು ವಿಚಿತ್ರ ಪ್ರತಿಭಟನೆ ಮಾಡಿದ್ದ. ಜರ್ಮನಿಯಲ್ಲಿ ಇಂಗ್ಲಿಷರನ್ನು ಕಂಡರೆ ಕುದಿಯುತ್ತಿದ್ದ ಕಾಲದಲ್ಲಿ, 1916ರಲ್ಲಿ, ತನ್ನ ಹೆಸರನ್ನು ಇಂಗ್ಲಿಷ್ ರೀತಿಯಲ್ಲಿ ಜಾರ್ಜ್ ಅಂತ ಬದಲಿಸಿಕೊಂಡ. ಗೆಳೆಯ ಹೆಲ್ಮುಟ್ ಹೆರ್ಜ್‌ಫೆಲ್ಡ್ ಜಾನ್ ಹಾರ್ಟ್‌ಫೀಲ್ಡ್ ಆದ. ಹಾರ್ಟ್‌ಫೀಲ್ಡ್‌ನ ತಮ್ಮ ವೀಲಾಂಡ್ 1917ರಲ್ಲಿ ಮಾಲಿಕ್ ಎಂಬ ಪ್ರಕಾಶನ ಶುರು ಮಾಡಿದ. ಗ್ರೋಸ್‌ನ ಚಿತ್ರಸಂಪುಟಗಳು ಹೊರಬಂದದ್ದು ಹೆಚ್ಚಾಗಿ ಇಲ್ಲಿಂದಲೇ.

ಯುದ್ಧ 1918ರ ನವೆಂಬರ್‌ನಲ್ಲಿ ನಿಂತಿತು. ಜರ್ಮನಿ ಸುಮಾರು 20 ಲಕ್ಷ ಸೈನಿಕರನ್ನು ಕಳೆದುಕೊಂಡಿತ್ತು. ಸುಮಾರು 15 ಲಕ್ಷ ಜನ ಅಂಗವಿಕಲರಾಗಿ ಊರಿಗೆ ಮರಳಿದ್ದರು. ಚಕ್ರವರ್ತಿ ಓಡಿಹೋಗಿದ್ದ, ಗಣರಾಜ್ಯ ಬಂದಿತ್ತು. ಆದರೆ ಅದೇ ಸೇನಾಧಿಕಾರಿಗಳು, ಅದೇ ನ್ಯಾಯಾಧೀಶರು, ಅದೇ ಕಾರ್ಖಾನೆ ಮಾಲೀಕರು ತಮ್ಮ ತಮ್ಮ ಕುರ್ಚಿಯಲ್ಲೇ ಇದ್ದರು. 1919ರ ಜನವರಿಯಲ್ಲಿ ಬರ್ಲಿನ್‌ನ ಕಾರ್ಮಿಕರ ದಂಗೆಯನ್ನು ಹೊಸ ಸರ್ಕಾರ ಸೈನಿಕರ ಕೈಯಿಂದ ಹೊಸಕಿಹಾಕಿತು. ರೋಸಾ ಲುಕ್ಸೆಂಬುರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟ್ ಕೊಲೆಯಾದರು. ಗ್ರೋಸ್ ಅದೇ ಹೊತ್ತಿಗೆ ಕಮ್ಯುನಿಸ್ಟ್ ಪಕ್ಷ ಸೇರಿದ.

ಆಮೇಲೆ ಬಂದದ್ದು ಹಣದುಬ್ಬರ. ಯುದ್ಧಕ್ಕೆ ಮೊದಲು ಒಂದು ಡಾಲರಿಗೆ 4.2 ಮಾರ್ಕ್. 1923ರ ನವೆಂಬರ್‌ನಲ್ಲಿ ಅದೇ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್! ಇದರಲ್ಲಿ ಎಲ್ಲರೂ ಮುಳುಗಿದರು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ಲೆಕ್ಕ ಹಾಕಿ ನೋಡಿ. ನೀವು 1921ರಲ್ಲಿ ಬ್ಯಾಂಕಿನಿಂದ ಒಂದು ಲಕ್ಷ ಮಾರ್ಕ್ ಸಾಲ ತಗೊಂಡು ಯಂತ್ರ ಕೊಂಡಿರಿ ಅಂತಿಟ್ಟುಕೊಳ್ಳಿ. ಎರಡು ವರ್ಷದ ನಂತರ ಆ ಸಾಲದ ಮೊತ್ತಕ್ಕೆ ಒಂದು ತುಂಡು ಬ್ರೆಡ್ಡೂ ಬರೋದಿಲ್ಲ. ಸಾಲ ಹೋಯ್ತು, ಯಂತ್ರ ಉಳೀತು. ಸಾಲ ಸಿಗುವಷ್ಟು ದೊಡ್ಡವರು ಹೀಗೆ ಇನ್ನೂ ದೊಡ್ಡವರಾದರು. ವಾರದ ಕೂಲಿಯನ್ನೇ ನಂಬಿದವರು, ಪಿಂಚಣಿ ನಂಬಿದವರು, ಬ್ಯಾಂಕಿನಲ್ಲಿ ಉಳಿತಾಯ ಇಟ್ಟ ಮೇಷ್ಟರು ಬೀದಿಗೆ ಬಂದರು. ಇದರ ನಡುವೆ ಕಾಳಸಂತೆಯಲ್ಲಿ ಕೊಟ್ಟು ತಗೊಂಡು ದುಡ್ಡು ಮಾಡಿದವರಿಗೆ ಬರ್ಲಿನ್ ಜನ 'ಶೀಬರ್' ಅಂತ ಹೆಸರಿಟ್ಟರು. ಗ್ರೋಸ್‌ನ ಐದು ಗಂಟೆಯ ಕೋಣೆಯಲ್ಲಿ ಕೂತಿರುವುದು ಈ ಜಾತಿಯ ಜನ. ಚಿತ್ರ ಬಂದಾಗ ಹಣದುಬ್ಬರ ತುದಿ ಮುಟ್ಟಿರಲಿಲ್ಲ, ಇನ್ನೂ ಹತ್ತುತ್ತಾ ಇತ್ತು ಅನ್ನೋದನ್ನ ಗಮನಿಸಿ.

ಗೆರೆಯ ಲೆಕ್ಕ

ಗ್ರೋಸ್‌ನ ಗೆರೆ ಚೆಂದದ ಗೆರೆಯಲ್ಲ. ಚೂಪಾದ ಲೇಖನಿ, ಕಪ್ಪು ಮಸಿ. ದಪ್ಪ-ಸಣ್ಣದ ಬಳುಕಾಟ ಕಡಿಮೆ. ಚಾಕುವಿನಲ್ಲಿ ಗೀರಿದ ಹಾಗಿರುತ್ತದೆ. ಈ ಗೆರೆಗಾಗಿ ಆತ ಎಲ್ಲಿಗೆ ಹೋದ ಗೊತ್ತಾ? ಮಕ್ಕಳ ಚಿತ್ರಗಳಿಗೆ ಮತ್ತು ಸಾರ್ವಜನಿಕ ಮೂತ್ರಾಲಯದ ಗೋಡೆಗಳಿಗೆ. ಅಲ್ಲಿ ಬರೆದವನಿಗೆ ಚೆಂದ ಕಾಣಿಸುವ ಆಸೆ ಇರೋದಿಲ್ಲ, ಸಿಟ್ಟನ್ನೋ ಆಸೆಯನ್ನೋ ನೇರವಾಗಿ ಕಕ್ಕಿರುತ್ತಾನೆ. ತನಗೆ ಬೇಕಾದ ಗಡಸುತನ ಅಲ್ಲಿದೆ ಎಂದು ಗ್ರೋಸ್ ತಾನೇ ಹೇಳಿಕೊಂಡಿದ್ದಾನೆ.

ಎರಡನೇ ಉಪಾಯ ಪಾರದರ್ಶಕತೆ. ಅವನ ಬೀದಿಚಿತ್ರಗಳಲ್ಲಿ ಒಬ್ಬನ ದೇಹದ ಮೂಲಕ ಹಿಂದಿನ ಮನೆ ಕಾಣುತ್ತದೆ, ಮನೆಯ ಗೋಡೆಯ ಮೂಲಕ ಒಳಗಿನ ಜಗಳ ಕಾಣುತ್ತದೆ. ನೆರಳು ತುಂಬಿಸಿದ್ದರೆ ಇದು ಸಾಧ್ಯವಿರಲಿಲ್ಲ. ಬರಿಗೆರೆ ಆದ್ದರಿಂದಲೇ ಒಂದರ ಮೇಲೊಂದು ಹಾಯಬಹುದು. ಬೀದಿಯಲ್ಲಿ ಅಕ್ಕಪಕ್ಕ ಹೋಗುವ ಜನ ಒಬ್ಬರನ್ನೊಬ್ಬರು ನೋಡೋದಿಲ್ಲ. ಹಾಳೆಯ ಮೇಲೆ ಮಾತ್ರ ಅವರ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ.

ಮೂರನೆಯದು ಮುದ್ರಣ. ಮಸಿಯ ಚಿತ್ರವನ್ನು ಫೋಟೋ ತೆಗೆದು ಅಚ್ಚಿನ ಫಲಕಕ್ಕೆ ಇಳಿಸುವ ತಂತ್ರ ಆಗ ಬಂದಿತ್ತು. ಕಪ್ಪು-ಬಿಳುಪಿನ ಗಟ್ಟಿ ಗೆರೆಗೆ ಅದು ಹೇಳಿಮಾಡಿಸಿದ ವಿಧಾನ. ಅಗ್ಗದ ಪತ್ರಿಕೆಯಲ್ಲಿ ಅಚ್ಚಾದರೂ ಗೆರೆ ಕೆಡುತ್ತಿರಲಿಲ್ಲ. ಗೋಡೆಗೆ ನೇತುಹಾಕುವ ಒಂದೇ ಒಂದು ಚಿತ್ರಕ್ಕಿಂತ ಸಾವಿರ ಕೈಗೆ ಹೋಗುವ ಹಾಳೆ ಅವನಿಗೆ ಬೇಕಿತ್ತು.

ನಮಗೆ ಹತ್ತಿರದ ಒಂದು ಸಂಗತಿ ಇಲ್ಲಿದೆ. 1920ರ ಸುಮಾರಿಗೆ ಗ್ರೋಸ್ ಕೆಲವು ಚಿತ್ರಗಳಿಗೆ ಸಹಿ ಹಾಕೋದನ್ನೇ ಬಿಟ್ಟ. ಅದರ ಬದಲು 'ಜಾರ್ಜ್ ಗ್ರೋಸ್ ಕಟ್ಟಿದ್ದು' ಎಂಬ ಅರ್ಥದ ರಬ್ಬರ್ ಸ್ಟ್ಯಾಂಪ್ ಒತ್ತುತ್ತಿದ್ದ. ಡ್ರಾಯಿಂಗ್ ಶೀಟಿನ ಟೈಟಲ್ ಬ್ಲಾಕ್ ಥರ! ಕಲಾವಿದನ ಭಾವಾವೇಶ ಸಾಕು, ಎಂಜಿನಿಯರನ ನಿಖರತೆ ಬೇಕು ಅನ್ನೋದು ಆಗಿನ ಅವನ ನಂಬಿಕೆ. ಆ ವರ್ಷದ 'ಗಣರಾಜ್ಯದ ಯಂತ್ರಮಾನವರು' ಎಂಬ ಜಲವರ್ಣ ಚಿತ್ರದಲ್ಲಿ ಮುಖವಿಲ್ಲದ ಎರಡು ಗೊಂಬೆಗಳಿವೆ. ಒಂದಕ್ಕೆ ಮರದ ಕಾಲು, ಕೈಯಲ್ಲಿ ಬಾವುಟ. ಹಿಂದೆ ಸ್ಕೇಲು ಹಿಡಿದು ಎಳೆದಂಥ ನಿರ್ಜನ ನಗರ.

ಅಸ್ಥಿಪಂಜರ ಪಾಸಾಯಿತು

ಅವನ ಇನ್ನೊಂದು ಪ್ರಸಿದ್ಧ ಮಸಿಚಿತ್ರ ಯುದ್ಧ ನಡೆಯುತ್ತಿರುವಾಗಲೇ, 1916-17ರಲ್ಲಿ ಬಿಡಿಸಿದ್ದು. ಈಗ ಅದು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಸೈನ್ಯದ ವೈದ್ಯಕೀಯ ತಪಾಸಣೆ ನಡೆಯುತ್ತಿದೆ. ದಪ್ಪ ಹೊಟ್ಟೆಯ ಡಾಕ್ಟರು ಒಂದು ತುತ್ತೂರಿಯಂಥ ಸಾಧನವನ್ನು ಕಿವಿಗಿಟ್ಟುಕೊಂಡು ರೋಗಿಯ ಎದೆ ಪರೀಕ್ಷಿಸುತ್ತಿದ್ದಾನೆ. ರೋಗಿ ಅಂದರೆ ಒಂದು ಅಸ್ಥಿಪಂಜರ, ಮೈಮೇಲೆ ಅಲ್ಲಲ್ಲಿ ಕೊಳೆತ ಮಾಂಸ ಅಂಟಿಕೊಂಡಿದೆ. ಡಾಕ್ಟರ ಬಾಯಿಂದ ಎರಡೇ ಅಕ್ಷರ ಹೊರಡುತ್ತವೆ: 'ಕಾ ಫೌ'. 'ಯುದ್ಧಸೇವೆಗೆ ಯೋಗ್ಯ' ಎಂಬುದರ ಸೇನಾ ಸಂಕ್ಷೇಪ ಅದು. ಮುಂದುಗಡೆ ಇಬ್ಬರು ಅಧಿಕಾರಿಗಳು ಹರಟೆ ಹೊಡೆಯುತ್ತಿದ್ದಾರೆ. ಕಿಟಕಿಯಾಚೆ ಕಾರ್ಖಾನೆಯ ಚಿಮಣಿಗಳು ಹೊಗೆ ಉಗುಳುತ್ತಿವೆ.

ಆ ಕಿಟಕಿಯೇ ಇಲ್ಲದಿದ್ದರೂ ಚಿತ್ರದ ತಮಾಷೆ ಅರ್ಥವಾಗುತ್ತಿತ್ತು. ಆದರೂ ಗ್ರೋಸ್ ಅದನ್ನು ಇಟ್ಟಿದ್ದಾನೆ. ತಪಾಸಣೆಯ ಕೋಣೆ ಮತ್ತು ಕಾರ್ಖಾನೆ ಒಂದೇ ವ್ಯವಸ್ಥೆಯ ಎರಡು ಭಾಗ. ಒಂದು ಕಡೆ ಶೆಲ್ಲು ತಯಾರಾಗುತ್ತದೆ, ಇನ್ನೊಂದು ಕಡೆ ಅದರ ಎದುರು ನಿಲ್ಲುವ ಮನುಷ್ಯ ತಯಾರಾಗುತ್ತಾನೆ. ಎರಡೂ ಕಡೆ ಪಾಸ್-ಫೇಲ್ ತಪಾಸಣೆ ಇದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಗೋ, ನೋ-ಗೋ ಗೇಜ್!

ಈ ಚಿತ್ರ 1920ರಲ್ಲಿ 'ದೇವರು ನಮ್ಮೊಂದಿಗೆ' ಎಂಬ ಒಂಬತ್ತು ಹಾಳೆಗಳ ಸಂಪುಟದಲ್ಲಿ ಅಚ್ಚಾಯಿತು. ಆ ಹೆಸರು ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆ ಇರುತ್ತಿದ್ದ ವಾಕ್ಯ. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಮೊದಲ ಅಂತಾರಾಷ್ಟ್ರೀಯ ದಾದಾ ಮೇಳದಲ್ಲಿ ಸಂಪುಟ ಪ್ರದರ್ಶನವಾಯಿತು. ಸೈನ್ಯಕ್ಕೆ ಅವಮಾನವಾಯಿತೆಂದು ಕೇಸು ಬಿತ್ತು. 1921ರಲ್ಲಿ ಗ್ರೋಸ್‌ಗೆ 300 ಮಾರ್ಕ್ ದಂಡ, ಪ್ರಕಾಶಕ ವೀಲಾಂಡ್‌ಗೆ 600 ಮಾರ್ಕ್.

ಅದೇ ಊರಿನ ಇನ್ನೊಬ್ಬ

ಈಗ ಇನ್ನೊಬ್ಬನ ಕಥೆ ಹೇಳಬೇಕು. ಮೆಕ್ಯಾನಿಕಲ್‌ನವರಿಗೆ ಈ ಹೆಸರು ಗೊತ್ತಿರುತ್ತೆ. ಮೆಟ್ರಾಲಜಿಯಲ್ಲಿ ಲೇಥಿನ ಅಲೈನ್‌ಮೆಂಟ್ ಟೆಸ್ಟ್ ಇದೆಯಲ್ಲ, ಡಯಲ್ ಗೇಜ್ ಇಟ್ಟು ಸ್ಪಿಂಡಲ್ ಎಷ್ಟು ಅಲುಗುತ್ತದೆ, ಬೆಡ್ ನೇರವಾಗಿದೆಯಾ ಅಂತ ನೋಡ್ತೀವಲ್ಲ, ಆ ಪರೀಕ್ಷೆಗಳನ್ನು 1927ರ ಪುಸ್ತಕದಲ್ಲಿ ಕ್ರಮಬದ್ಧವಾಗಿ ಕೊಟ್ಟವನು ಗೆಯೋರ್ಗ್ ಶ್ಲೆಸಿಂಗರ್. ಬರ್ಲಿನ್ನಿಗೆ ಅಂಟಿಕೊಂಡಿದ್ದ ಷಾರ್ಲೊಟೆನ್‌ಬುರ್ಗ್‌ನ ತಾಂತ್ರಿಕ ಕಾಲೇಜಿನಲ್ಲಿ 1904ರಿಂದ ಮಷಿನ್ ಟೂಲ್ ವಿಷಯದ ಪ್ರಾಧ್ಯಾಪಕ.

ಯುದ್ಧಕಾಲದಲ್ಲಿ ಶ್ಲೆಸಿಂಗರ್ ಮಾಡಿದ ಇನ್ನೊಂದು ಕೆಲಸವನ್ನು ನಮ್ಮ ಲ್ಯಾಬ್ ಮ್ಯಾನುಯಲ್‌ನಲ್ಲಿ ಹಾಕಿಲ್ಲ. ಷಾರ್ಲೊಟೆನ್‌ಬುರ್ಗ್‌ನಲ್ಲಿ ಕೃತಕ ಅವಯವಗಳ ಪರೀಕ್ಷಾ ಕೇಂದ್ರವೊಂದು ಶುರುವಾಯಿತು. ಅದರ ಮುಂಚೂಣಿಯಲ್ಲಿ ಇದ್ದವನು ಶ್ಲೆಸಿಂಗರ್. ಕೈ ಕಳೆದುಕೊಂಡ ಸೈನಿಕರಿಗೆ ತೋಳು ಜೋಡಿಸಿ, ನಿಜವಾದ ಕೆಲಸ ಮಾಡಿಸಿ, ಯಾವುದು ಬಾಳಿಕೆ ಬರುತ್ತದೆ, ಯಾವುದು ಮುರಿಯುತ್ತದೆ ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು. ಕೆಲಸದ ತೋಳು ನೋಡಲು ಕೈಯ ಹಾಗೆ ಇರಬೇಕಿಲ್ಲ. ಅದರ ತುದಿಗೆ ಕೊಕ್ಕೆ, ಬಳೆ, ಇಕ್ಕಳ, ಯಾವುದು ಬೇಕೋ ಅದನ್ನು ಸಿಕ್ಕಿಸಬಹುದು. ಒಂದರ ತುದಿ ಇನ್ನೊಂದಕ್ಕೆ ಹೊಂದಲೆಂದು ಜೋಡಣೆಯ ಭಾಗಗಳನ್ನು ಸ್ಟ್ಯಾಂಡರ್ಡ್ ಮಾಡಲು ಹೊರಟರು. ಜರ್ಮನಿಯ ಡಿನ್ ಮಾನಕಗಳ ಸಮಿತಿ ಹುಟ್ಟಿದ್ದೂ ಅದೇ ಊರಲ್ಲಿ, ಅದೇ ಯುದ್ಧದಲ್ಲಿ, 1917ರಲ್ಲಿ. ಅದರ ಮೊದಲನೇ ಮಾನಕ ಟೇಪರ್ ಪಿನ್ನಿನದು.

1919ರಲ್ಲಿ ಬಂದ ಈ ಕೇಂದ್ರದ ದಪ್ಪ ಪುಸ್ತಕದಲ್ಲಿ ಶ್ಲೆಸಿಂಗರ್ ಮನುಷ್ಯನ ಕೈಹಿಡಿತವನ್ನು ಆರು ಬಗೆಯಾಗಿ ವಿಂಗಡಿಸಿದ. ಕೋಲು ಹಿಡಿಯುವುದು, ಚೆಂಡು ಹಿಡಿಯುವುದು, ಬೆರಳ ತುದಿಯಲ್ಲಿ ಹಿಡಿಯುವುದು, ಚೀಲ ನೇತುಹಾಕಿಕೊಳ್ಳುವುದು, ಹೀಗೆ. ಇವತ್ತು ರೋಬಾಟಿಕ್ಸ್‌ನಲ್ಲಿ ಗ್ರಿಪ್ಪರ್ ಬಗ್ಗೆ ಓದಲು ಹೋದರೆ ಈ ಆರು ಹಿಡಿತಗಳು ಎದುರಾಗುತ್ತವೆ. ಅದರ ಹಿಂದೆ ಇರುವುದು ಕೈ ಇಲ್ಲದವರು ಅಂತ ನನಗೆ ಇತ್ತೀಚಿನವರೆಗೂ ಗೊತ್ತಿರಲಿಲ್ಲ.

ಈಗ ಗ್ರೋಸ್ ಮತ್ತು ಶ್ಲೆಸಿಂಗರ್ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಊರು, ಅವೇ ವರ್ಷಗಳು, ಕಣ್ಣೆದುರು ಅದೇ ಅಂಗಹೀನ ಸೈನಿಕ. ಎಂಜಿನಿಯರ್ ಕೇಳಿದ ಪ್ರಶ್ನೆ: ಈ ಮನುಷ್ಯ ಮತ್ತೆ ಹೇಗೆ ಕೆಲಸ ಮಾಡಬಲ್ಲ? ಗ್ರೋಸ್ ಕೇಳಿದ ಪ್ರಶ್ನೆ: ಇವನ ಕೈ ಎಲ್ಲಿ ಹೋಯಿತು, ಅದರಿಂದ ಯಾರಿಗೆ ಲಾಭವಾಯಿತು? ಮೊದಲನೆಯ ಪ್ರಶ್ನೆಯಲ್ಲಿ ಕರುಣೆ ಇದೆ, ಅದನ್ನು ಅಲ್ಲಗಳೆಯಬಾರದು. ಭಿಕ್ಷೆ ಬೇಡುವುದಕ್ಕಿಂತ ಕೊಕ್ಕೆಯ ಕೈಯಿಂದ ದುಡಿದು ಮನೆ ನಡೆಸುವುದು ಎಷ್ಟೋ ಮೇಲು. ಆದರೆ ಎರಡನೇ ಪ್ರಶ್ನೆ ಕೇಳದೇ ಮೊದಲನೆಯದನ್ನೇ ಬಿಡಿಸುತ್ತಾ ಕೂತರೆ, ಸೈನ್ಯ ಮುರಿದದ್ದನ್ನು ಕಾರ್ಖಾನೆಗೆ ರಿಪೇರಿ ಮಾಡಿ ಕಳಿಸುವ ಸರ್ವಿಸ್ ಸೆಂಟರ್ ಆಗುತ್ತೇವೆ.

ಆಗ ಜರ್ಮನಿಯಲ್ಲಿ ಗಾಯಾಳುವಿಗೆ ಪಿಂಚಣಿ ಕೊಡುತ್ತಿದ್ದದ್ದು ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಗಿದೆ ಎಂದು ಲೆಕ್ಕ ಹಾಕಿ. ದಾದಾ ಮೇಳದಲ್ಲಿ ಗ್ರೋಸ್‌ನ ಚಿತ್ರಗಳ ಜೊತೆ ಒಟ್ಟೋ ಡಿಕ್ಸ್‌ನ ಒಂದು ದೊಡ್ಡ ಚಿತ್ರವೂ ಇತ್ತು. ಕೃತಕ ಕಾಲು, ಕೃತಕ ದವಡೆ, ತಳ್ಳುಗಾಡಿಯಲ್ಲಿ ಬೀದಿ ಮೆರವಣಿಗೆ ಹೊರಟ ಮಾಜಿ ಸೈನಿಕರು. ಅದಕ್ಕೆ ಕೊಟ್ಟಿದ್ದ ಹೆಸರು 'ಶೇ. 45 ದುಡಿಯಬಲ್ಲವರು'.

ಮುಂದಿನ ವರ್ಷ ಗ್ರೋಸ್ 'ಬೂದು ದಿನ' ಎಂಬ ತೈಲಚಿತ್ರ ಮಾಡಿದ. ಅದರಲ್ಲಿ ಎದುರಿಗೆ ಕಾಣುವವನು ಅಚ್ಚುಕಟ್ಟಾದ ಕೋಟಿನ ಅಧಿಕಾರಿ. ಅಂಗವಿಕಲ ಸೈನಿಕರ ಕಲ್ಯಾಣವೇ ಅವನ ಇಲಾಖೆ. ಅವನ ಬೆನ್ನ ಹಿಂದೆ ಒಂದು ಇಟ್ಟಿಗೆಯ ಗೋಡೆ. ಗೋಡೆಯಾಚೆ ಕೋಲೂರಿದ ಒಬ್ಬ ಗಾಯಾಳು ಸೈನಿಕ, ಒಬ್ಬ ಕಾರ್ಮಿಕ, ಆಮೇಲೆ ಕಾರ್ಖಾನೆ. ಅಧಿಕಾರಿ ಹಿಂದೆ ತಿರುಗಿ ನೋಡುತ್ತಿಲ್ಲ. ಅಷ್ಟೇ ಚಿತ್ರ.

ನನ್ನ ಒಂದು ಶೀಟು

ಇಷ್ಟೆಲ್ಲಾ ನನಗೆ ತಟ್ಟಿದ್ದಕ್ಕೆ ಒಂದು ಕಾರಣ ಇದೆ. ಕಳೆದ ರಜೆಯಲ್ಲಿ ಒಂದು ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಮಾಡಿದೆ. ನನಗೆ ಕೊಟ್ಟಿದ್ದು ಟೈಮ್ ಸ್ಟಡಿ. ಸ್ಟಾಪ್‌ವಾಚ್ ಹಿಡಿದು ಒಬ್ಬ ಆಪರೇಟರ್ ಪಕ್ಕ ನಿಂತು ಹತ್ತು ಸೈಕಲ್ ಬರೆದುಕೊಳ್ಳಬೇಕು. ಆ ಅಣ್ಣ ಬೇರೆಯವರಿಗಿಂತ ಸ್ವಲ್ಪ ನಿಧಾನ. ನಾನು ರೇಟಿಂಗ್ ಕಾಲಮ್ಮಿನಲ್ಲಿ ಶೇ. 85 ಅಂತ ಬರೆದೆ. ಟೀ ಕುಡಿಯುವಾಗ ನೋಡಿದೆ, ಬಲಗೈಯಲ್ಲಿ ಎರಡು ಬೆರಳಿನ ಅರ್ಧ ಇರಲಿಲ್ಲ. ಕೇಳಿದ್ದಕ್ಕೆ, "ಹಳೇ ಪ್ರೆಸ್ಸು ಸಾರ್, ಎಂಟು ವರ್ಷ ಆಯ್ತು" ಅಂದು ನಕ್ಕ. ಇಪ್ಪತ್ತು ವರ್ಷದ ನನ್ನನ್ನು ಸಾರ್ ಅಂದ.

ನನ್ನ ಶೀಟಿನಲ್ಲಿ ತಪ್ಪಿರಲಿಲ್ಲ. ಸಮಯ ಸರಿ, ಲೆಕ್ಕ ಸರಿ. ಆ ಪ್ರೆಸ್ಸಿಗೆ ಗಾರ್ಡ್ ಇತ್ತಾ ಅಂತ ಬರೆಯಲು ಕಾಲಮ್ ಮಾತ್ರ ಇರಲಿಲ್ಲ. ಗ್ರೋಸ್ ಅಲ್ಲಿದ್ದಿದ್ದರೆ ಆಪರೇಟರ್‌ನ ಜೊತೆ ಸ್ಟಾಪ್‌ವಾಚ್ ಹಿಡಿದ ನನ್ನನ್ನೂ ಬಿಡಿಸುತ್ತಿದ್ದ. ಎಷ್ಟು ಚೆನ್ನಾಗಿ ಬಿಡಿಸುತ್ತಿದ್ದ ಅಂತ ಯೋಚಿಸಿದರೆ ಮುಜುಗರವಾಗುತ್ತೆ.

ಗ್ರೋಸ್‌ನ ಸೋಲು-ಗೆಲುವು

ಗ್ರೋಸ್‌ನನ್ನು ದೇವರು ಮಾಡೋದು ಬೇಡ. ಅವನ ಶ್ರೀಮಂತರೆಲ್ಲ ಹಂದಿಗಳು, ಅಧಿಕಾರಿಗಳೆಲ್ಲ ಕಟುಕರು. ಅವನ ಚಿತ್ರಗಳ ಹೆಂಗಸರಿಗೆ ಹೆಚ್ಚಾಗಿ ಮೈ ಮಾತ್ರ ಇದೆ, ಮನಸ್ಸಿಲ್ಲ. ಶ್ಲೆಸಿಂಗರ್‌ನಂಥ ಒಳ್ಳೆಯ ಮನಸ್ಸಿನ ತಾಂತ್ರಿಕನಿಗೆ ಆ ಲೋಕದಲ್ಲಿ ಜಾಗವೇ ಇಲ್ಲ. ಸೀಳುನೋಟಕ್ಕೆ ಈ ಮಿತಿ ಇದ್ದೇ ಇದೆ: ಯಾವ ತಲದಲ್ಲಿ ಕತ್ತರಿಸಿದೆವೋ ಅದಷ್ಟೇ ಕಾಣುತ್ತದೆ. ಇನ್ನೊಂದು ವ್ಯಂಗ್ಯವೂ ಇದೆ. ಅವನ ಸಂಪುಟಗಳು ಅಗ್ಗದ ಆವೃತ್ತಿಯ ಜೊತೆ ಒಳ್ಳೆಯ ಕಾಗದದ ದುಬಾರಿ ಆವೃತ್ತಿಯಲ್ಲೂ ಬರುತ್ತಿದ್ದವು. ದುಬಾರಿ ಪ್ರತಿ ಕೊಳ್ಳುವ ಶಕ್ತಿ ಯಾರಿಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಅವನೂ ಬದಲಾದ. 1922ರಲ್ಲಿ ರಷ್ಯಾಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದ ಮೇಲೆ ಪಕ್ಷದ ಮೇಲಿನ ನಂಬಿಕೆ ಕರಗಿತು. ಕೋರ್ಟು ಮಾತ್ರ ಬಿಡಲಿಲ್ಲ. 'ಎಕ್ಕೆ ಹೋಮೋ' ಎಂಬ ಸಂಪುಟಕ್ಕೆ ಅಶ್ಲೀಲತೆಯ ಕೇಸು. 1928ರಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನಿಗೆ ಗ್ಯಾಸ್ ಮಾಸ್ಕ್ ತೊಡಿಸಿದ ಚಿತ್ರಕ್ಕೆ ಧರ್ಮನಿಂದನೆಯ ಕೇಸು. ಅದು ವರ್ಷಗಟ್ಟಲೆ ಎಳೆಯಿತು. ಒಂದು ಹಾಳೆ ಮಸಿಚಿತ್ರಕ್ಕೆ ಒಂದು ರಾಜ್ಯವ್ಯವಸ್ಥೆ ಇಷ್ಟು ಹೆದರುತ್ತದೆ ಅಂದರೆ ಸೀಳು ಸರಿಯಾದ ಜಾಗದಲ್ಲೇ ಬಿದ್ದಿತ್ತು ಅಂತ ತಾನೇ?

1933ರ ಜನವರಿಯಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬರುವ ಕೆಲವೇ ದಿನ ಮೊದಲು, ಗ್ರೋಸ್ ಅಮೆರಿಕಕ್ಕೆ ಹೊರಟುಹೋದ. ನ್ಯೂಯಾರ್ಕ್‌ನಲ್ಲಿ ಚಿತ್ರಕಲೆ ಕಲಿಸಿಕೊಂಡು ಬದುಕಿದ. 1937ರಲ್ಲಿ ನಾಜಿಗಳು ಮ್ಯೂನಿಕ್‌ನಲ್ಲಿ ನಡೆಸಿದ 'ಕೆಟ್ಟುಹೋದ ಕಲೆ' ಪ್ರದರ್ಶನದಲ್ಲಿ ಅವನ ಚಿತ್ರಗಳನ್ನು ನಗೆಪಾಟಲಿಗೆ ಇಟ್ಟರು. ಶ್ಲೆಸಿಂಗರ್ ಏನಾದ? ಅವನು ಯೆಹೂದಿ. ಜರ್ಮನ್ ಕಾರ್ಖಾನೆಗಳಿಗೆ, ಸೈನಿಕರಿಗೆ ಅಷ್ಟೆಲ್ಲ ದುಡಿದಿದ್ದರೂ 1933ರಲ್ಲಿ ಅವನನ್ನು ಬಂಧಿಸಿದರು. ಬಿಡುಗಡೆಯಾದ ಮೇಲೆ ದೇಶ ಬಿಟ್ಟು, ಕೊನೆಗೆ ಇಂಗ್ಲೆಂಡ್ ಸೇರಿ, 1949ರಲ್ಲಿ ಅಲ್ಲೇ ತೀರಿಕೊಂಡ. ಗ್ರೋಸ್ 1959ರಲ್ಲಿ ಬರ್ಲಿನ್ನಿಗೆ ವಾಪಸ್ ಬಂದ. ಬಂದ ಕೆಲವೇ ವಾರಗಳಲ್ಲಿ, ಒಂದು ರಾತ್ರಿ ಕುಡಿದು ಬಂದವನು ಮೆಟ್ಟಿಲ ಮೇಲಿಂದ ಬಿದ್ದು ಸತ್ತ. ವ್ಯಂಗ್ಯಚಿತ್ರಕಾರನಿಗೆ ಒದಗಿದ ಸಾವು ಅವನ ಚಿತ್ರದ ಒಂದು ಮೂಲೆಯಂತೆಯೇ ಇತ್ತು.

ಮುಂದಿನ ಸಲ ಗ್ರೋಸ್‌ನ ಚಿತ್ರ ಎಲ್ಲಾದರೂ ಸಿಕ್ಕರೆ ದಪ್ಪ ಕತ್ತಿನವರನ್ನು ನೋಡಿ ನಕ್ಕು ಪುಟ ತಿರುಗಿಸಬೇಡಿ. ಮೊದಲು ಹಿಂದಿನ ಚಿಮಣಿಗಳನ್ನು ಹುಡುಕಿ, ಕಿಟಕಿ ಹುಡುಕಿ, ಮೇಲಿನ ಪಟ್ಟಿಯಲ್ಲಿ ಸಣ್ಣದಾಗಿ ನಡೆದು ಹೋಗುತ್ತಿರುವವರನ್ನು ಎಣಿಸಿ. ಆಮೇಲೆ ನಿಮ್ಮದೇ ಪ್ರಾಜೆಕ್ಟ್ ರಿಪೋರ್ಟಿನ ಚಿತ್ರ ತೆಗೆದು ನೋಡಿ. ಪಂಪು ಇದೆ, ಮೋಟಾರು ಇದೆ, ಬಾಣದ ಗುರುತಿದೆ. ಅದನ್ನು ನಡೆಸುವವನು ಎಲ್ಲಿ ನಿಂತಿದ್ದಾನೆ?

ನಾನು ನನ್ನ ಟೈಮ್ ಸ್ಟಡಿ ವರದಿಯ ಕೊನೆಯಲ್ಲಿ 'ಇತರೆ' ಅಂತ ಒಂದು ಸಾಲು ಸೇರಿಸಿ, ಹಳೆಯ ಪ್ರೆಸ್ಸುಗಳ ಗಾರ್ಡ್ ಪರಿಶೀಲಿಸಬೇಕು ಎಂದು ಬರೆದು ಕೊಟ್ಟೆ. ಗೈಡ್ ಅದನ್ನು ಓದಿ, "ಇದು ನಿನ್ನ ಸ್ಕೋಪಲ್ಲಿ ಇಲ್ವಲ್ಲಪ್ಪ" ಅಂದರು. ಹೊಡೆದು ಹಾಕಲಿಲ್ಲ, ಹಾಗೇ ಬಿಟ್ಟರು.